ಮೂಗಿನ ನಡುಗೋಡೆಯ ತೂತು: ಮುಚ್ಚಿಸಬೇಕೇ, ಮುಚ್ಚುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ. ಬಳ್ಳಾರಿಯಲ್ಲಿ ಬ್ಯಾಂಕ್ ಉದ್ಯೋಗಿ. ಐದು ವರ್ಷಗಳ ಹಿಂದೆ ಮೂಗಿನ ಸೊಟ್ಟ ಎಲುಬಿಗೆ ಆಪರೇಷನ್ ಮಾಡಿಸಿಕೊಂಡಿದ್ದೆ. ಎರಡು ವರ್ಷಗಳಿಂದ ಉಸಿರೆಳೆದುಕೊಳ್ಳುವಾಗ ಮೂಗಿನಲ್ಲಿ ಸಿಳ್ಳೆ ಹೊಡೆದಂತೆ ಸದ್ದು ಬರುತ್ತಿದೆ. ಪಕ್ಕದ ಕೌಂಟರಿನವರಿಗೂ ಅದು ಕೇಳಿಸುತ್ತದೆ. ಬೆಳಿಗ್ಗೆ ಏಳುವಷ್ಟರಲ್ಲಿ ಹಕ್ಕಳೆ ಗಟ್ಟಿಯಾಗಿ ಕಟ್ಟಿರುತ್ತದೆ, ತೆಗೆದರೆ ರಕ್ತ ಬರುತ್ತದೆ. ಮೂಗು ಕಟ್ಟಿದಂತಾಗುವುದರಿಂದ ಡ್ರಾಪ್ಸ್ ದಿನಕ್ಕೆ ಎರಡು ಮೂರು ಸಲ ಹಾಕಿಕೊಳ್ಳುತ್ತೇನೆ. ಈಚೆಗೆ ಇ.ಎನ್.ಟಿ. ವೈದ್ಯರು ಎಂಡೋಸ್ಕೋಪಿ ಮಾಡಿ, ನಡುಗೋಡೆಯ ಮುಂಭಾಗದಲ್ಲಿ 14 ಮಿ.ಮೀ. ಉದ್ದ, 9 ಮಿ.ಮೀ. ಎತ್ತರದ ತೂತು ಇದೆ ಎಂದರು. ಒಬ್ಬ ವೈದ್ಯರು ಸಿಲಿಕೋನ್ ಬಟನ್ ಹಾಕಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಆಪರೇಷನ್ ಆಗಲೇಬೇಕು ಎನ್ನುತ್ತಾರೆ, ಮೂರನೆಯವರು ಮೊದಲು ರಕ್ತಪರೀಕ್ಷೆ ಎನ್ನುತ್ತಾರೆ. ಇದು ತಾನಾಗಿ ಮುಚ್ಚಿಕೊಳ್ಳುವುದಿಲ್ಲವೇ? ಮುಂದೆ ಮೂಗು ಕುಸಿದು ಚಪ್ಪಟೆಯಾಗುತ್ತದೆಯೇ? ಇನ್ನು ಆರೇಳು ವಾರಗಳಲ್ಲಿ ತಂಗಿಯ ಮದುವೆ ಇದೆ. ಅಷ್ಟರೊಳಗೆ ಇದನ್ನು ಮುಗಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಆದರೆ ನೀವು ಬರೆದಿರುವ ಅಳತೆಯನ್ನು ನೋಡಿದರೆ, ಅದು ಶಸ್ತ್ರಚಿಕಿತ್ಸೆಯಿಂದ ಮುಚ್ಚಲು ಸಾಧ್ಯವಿರುವ ತೂತು ಎನ್ನಬಹುದು. ಮೂವರು ವೈದ್ಯರು ಮೂರು ಮಾತು ಹೇಳಿದರೆಂದು ಗೊಂದಲಪಡಬೇಡಿ. ಅವರ ಮಾತುಗಳು ಒಂದಕ್ಕೊಂದು ವಿರುದ್ಧವಲ್ಲ, ಒಂದರ ಹಿಂದೊಂದು ಬರಬೇಕಾದವು. ಮೊದಲು ರಕ್ತಪರೀಕ್ಷೆ, ನಡುವಿನ ದಿನಗಳಿಗೆ ಬೇಕಿದ್ದರೆ ಬಟನ್, ಎಲ್ಲವೂ ಸರಿಯಿದ್ದರೆ ಕೊನೆಗೆ ಆಪರೇಷನ್. ಹೀಗೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಆಪರೇಷನ್ನಿಗೆ ಮೊದಲನೆಯ ಪ್ರಯತ್ನವೇ ಅತ್ಯುತ್ತಮ ಅವಕಾಶ. ಒಮ್ಮೆ ವಿಫಲವಾದರೆ ಎರಡನೆಯ ಸಲ ಕೆಲಸಕ್ಕೆ ಸಿಗುವ ಲೋಳೆಪೊರೆ (ಮೂಗಿನ ಒಳಮೈಯನ್ನು ಹೊದ್ದಿರುವ ತೇವದ ಪೊರೆ) ಕಡಿಮೆ, ಗಾಯದ ಕಲೆ ಹೆಚ್ಚು. ಆದ್ದರಿಂದ ಮೇಜಿನ ಮೇಲೆ ಮಲಗುವ ಮುನ್ನ ನೀವು ಇದನ್ನೆಲ್ಲ ತಿಳಿದಿರಬೇಕು ಎಂಬುದು ನನ್ನ ಆಸೆ.

ಎರಡು ಹೊಳ್ಳೆಗಳ ನಡುವಿನ ಗೋಡೆಯ ಹಿಂಭಾಗ ಎಲುಬಿನದು, ಮುಂಭಾಗ ಮೃದ್ವಸ್ಥಿ ಎಂಬ, ಬಾಗುವ ಮೆದು ಎಲುಬಿನದು. ನಿಮ್ಮ ತೂತು ಇರುವುದು ಈ ಮುಂಭಾಗದಲ್ಲಿ. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದರ ಎರಡೂ ಮಗ್ಗುಲಿಗೆ ಅಂಟಿಕೊಂಡಿರುವ ಪೊರೆಯಿಂದ ಇಳಿದು ಬರುವ ಪೋಷಣೆಯಲ್ಲೇ ಅದು ಬದುಕುತ್ತದೆ. ಒಂದು ಮಗ್ಗುಲಿನ ಪೊರೆ ಹರಿದರೂ ಇನ್ನೊಂದು ಮಗ್ಗುಲಿನದು ಅದನ್ನು ಕಾಪಾಡುತ್ತದೆ. ಎರಡೂ ಕಡೆಯ ಪೊರೆ ಒಂದೇ ಜಾಗದಲ್ಲಿ ಎದುರುಬದುರಾಗಿ ಹರಿದರೆ ಮಾತ್ರ ನಡುವಿನ ಮೃದ್ವಸ್ಥಿ ಉಪವಾಸ ಬಿದ್ದು ಸಾಯುತ್ತದೆ, ತೂತು ಬೀಳುತ್ತದೆ. ಸೊಟ್ಟ ನಡುಗೋಡೆಯನ್ನು ನೇರ ಮಾಡುವ ಆಪರೇಷನ್ನಿನ ನಂತರ ಕೆಲವರಲ್ಲಿ ಹೀಗಾಗುವುದು ಈ ಕಾರಣಕ್ಕೆ. 1902ರಿಂದ 1904ರ ಸುಮಾರಿಗೆ ಫ್ರೀರ್ ಮತ್ತು ಕಿಲಿಯನ್ ಎಂಬ ವೈದ್ಯರು ರೂಢಿಗೆ ತಂದ ಹಳೆಯ ಕ್ರಮದಲ್ಲಿ ಮೃದ್ವಸ್ಥಿಯ ಬಹುಭಾಗವನ್ನು ತೆಗೆದೇಬಿಡುತ್ತಿದ್ದರು. ಆಗ ಎರಡು ಪೊರೆಗಳ ನಡುವೆ ಅಡ್ಡವಾಗಿ ಏನೂ ಉಳಿಯುತ್ತಿರಲಿಲ್ಲ. ಇಂದಿನ ಕ್ರಮದಲ್ಲಿ ಮೃದ್ವಸ್ಥಿಯನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದರಿಂದ ಈ ತೊಂದರೆ ಕಡಿಮೆಯಾಗಿದೆ, ಆದರೆ ಪೂರ್ತಿ ಇಲ್ಲವಾಗಿಲ್ಲ.

ತಾನಾಗಿ ಏಕೆ ಮುಚ್ಚಿಕೊಳ್ಳುವುದಿಲ್ಲ ಎಂಬುದಕ್ಕೆ ಕಿವಿ ಚುಚ್ಚಿಸಿದ ತೂತನ್ನೇ ನೆನೆಯಿರಿ. ಹೊಸದಾಗಿ ಚುಚ್ಚಿದಾಗ ಓಲೆ ತೆಗೆದಿಟ್ಟರೆ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ವರ್ಷ ಕಳೆದ ಮೇಲೆ ತೂತಿನ ಒಳಮೈಗೇ ಚರ್ಮ ಬಂದಿರುತ್ತದೆ, ಮತ್ತೆ ಕೂಡುವುದಿಲ್ಲ. ಮೂಗಿನೊಳಗೂ ಹೀಗೆಯೇ: ಎಡಗಡೆಯ ಪೊರೆ ಮತ್ತು ಬಲಗಡೆಯ ಪೊರೆ ತೂತಿನ ಅಂಚಿನಲ್ಲಿ ಒಂದನ್ನೊಂದು ಮುಟ್ಟಿ ಬೆಸೆದುಕೊಂಡ ಮೇಲೆ, ಶರೀರದ ಲೆಕ್ಕದಲ್ಲಿ ಗಾಯ ವಾಸಿಯಾಗಿ ಹೋಗಿದೆ. ಅದಕ್ಕೆ ಮುಚ್ಚುವ ಕೆಲಸವೇ ಉಳಿದಿರುವುದಿಲ್ಲ. ನಮ್ಮ ಅಜ್ಜಿಯರು ಬುಲಾಕು ಹಾಕಿಕೊಳ್ಳುತ್ತಿದ್ದರಲ್ಲ, ಅವರಿಗೇಕೆ ಸಿಳ್ಳೆ ಬರಲಿಲ್ಲ ಎಂದು ಒಬ್ಬರು ಕೇಳಿದ್ದರು. ಬುಲಾಕು ಹಾಯುವುದು ಮೃದ್ವಸ್ಥಿಗಿಂತ ಮುಂದೆ, ತುದಿಯ ಮೆತ್ತನೆಯ ಭಾಗದಲ್ಲಿ. ಅಲ್ಲಿ ಹೊದ್ದಿರುವುದು ಚರ್ಮ, ಒಣಗುವ ಲೋಳೆಪೊರೆಯಲ್ಲ. ಸೂಜಿಮೊನೆಯಷ್ಟು ತೂತಿನಿಂದ ಗಾಳಿಯ ಹರಿವೂ ಬದಲಾಗುವುದಿಲ್ಲ.

ನಿಮ್ಮನ್ನು ಕಾಡುತ್ತಿರುವುದೆಲ್ಲ ಗಾಳಿಯ ಹರಿವಿನ ಕಥೆಯೇ. ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿ ನಮ್ಮ ಮೂಗಿನೊಳಗೆ ಹಾದು ಹೋಗುತ್ತದೆ. ಅದು ಬೆಚ್ಚಗಾಗಿ, ತೇವವಾಗಿ ಶ್ವಾಸಕೋಶಕ್ಕೆ ಇಳಿಯಬೇಕು. ಮುಂಭಾಗದಲ್ಲೊಂದು ತೂತಿದ್ದರೆ ಇನ್ನೂ ಒಣದಾಗಿಯೇ ಇರುವ ಗಾಳಿ ಒಂದು ಹೊಳ್ಳೆಯಿಂದ ಇನ್ನೊಂದಕ್ಕೆ ನುಗ್ಗುತ್ತದೆ, ತೂತಿನ ಹಿಂದಿನ ಅಂಚಿಗೆ ಬಡಿದು ಸುಳಿಯಾಗುತ್ತದೆ. ಆ ಅಂಚು ಒಣಗುತ್ತದೆ, ಲೋಳೆ ಅಲ್ಲೇ ಗಟ್ಟಿಯಾಗಿ ಹಕ್ಕಳೆಯಾಗುತ್ತದೆ. ಎಂಡೋಸ್ಕೋಪಿನಲ್ಲಿ ನೋಡಿದರೆ ಆ ಹಕ್ಕಳೆ ಕಂದುಗಪ್ಪಾಗಿ, ಅಂಚಿನ ಮೇಲೆ ಕೂತ ಮುಚ್ಚಳದಂತೆ ಕಾಣುತ್ತದೆ. ಉಪ್ಪುನೀರಿನಲ್ಲಿ ಐದು ನಿಮಿಷ ನೆನೆಸಿ ಮೆಲ್ಲಗೆ ಎತ್ತಿದರೆ ಕೆಳಗೆ ಕೆಂಪಗೆ, ತರಿತರಿಯಾಗಿ, ಮುಟ್ಟಿದರೆ ರಕ್ತ ಒಸರುವ ಅಂಚು. ಅದೇ ಹಕ್ಕಳೆಯನ್ನು ಉಗುರಿನಿಂದ ಕಿತ್ತರೆ ಅದರೊಂದಿಗೆ ಅಂಚಿನ ಪೊರೆಯೂ ಒಂದಿಷ್ಟು ಬರುತ್ತದೆ, ಮೃದ್ವಸ್ಥಿ ಬಯಲಾಗುತ್ತದೆ, ತೂತು ಕೂದಲೆಳೆಯಷ್ಟು ದೊಡ್ಡದಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ 5 ಮಿ.ಮೀ. ಇದ್ದದ್ದು 15 ಆಗುವುದು ಆಶ್ಚರ್ಯವಲ್ಲ. ಸಿಳ್ಳೆ ಕೇಳಿಸುವುದು ಸಾಮಾನ್ಯವಾಗಿ ತೂತು ಚಿಕ್ಕದಿದ್ದಾಗ. ದೊಡ್ಡದಾದಂತೆ ಸದ್ದು ನಿಂತು, ಮೂಗು ಕಟ್ಟಿದ ಅನುಭವ ಹೆಚ್ಚುತ್ತದೆ. ದಾರಿ ತೆರೆದೇ ಇದ್ದರೂ ಕಟ್ಟಿದಂತಾಗುವುದು ಏಕೆಂದರೆ, ಗಾಳಿ ಸುಳಿಯಾಗಿ ಹರಿದಾಗ ಪೊರೆಗೆ ಅದರ ತಂಪಿನ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ತೂತು ನಡುಗೋಡೆಯ ತೀರ ಹಿಂದೆ ಇದ್ದವರಿಗೆ ಇದ್ಯಾವುದೂ ಗೊತ್ತಾಗದೆ ಹೋಗಬಹುದು; ಅಲ್ಲಿಗೆ ತಲುಪುವಷ್ಟರಲ್ಲಿ ಗಾಳಿ ಆಗಲೇ ತೇವಗೊಂಡಿರುತ್ತದೆ. ಬಳ್ಳಾರಿಯ ಒಣ ಹವೆ ನಿಮ್ಮ ಹಕ್ಕಳೆಗೆ ಒಂದು ಪಾಲು ಸೇರಿಸುತ್ತಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ಡ್ರಾಪ್ಸ್. ನೀವು ಅದರ ಹೆಸರು ಬರೆದಿಲ್ಲ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಹಾಕಿದ ಕೆಲವೇ ನಿಮಿಷಗಳಲ್ಲಿ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್ ಅಥವಾ ಝೈಲೋಮೆಟಾಜೋಲಿನ್ ಆಗಿದ್ದರೆ ದಯವಿಟ್ಟು ಇಂದೇ ನಿಲ್ಲಿಸುವ ಪ್ರಯತ್ನ ಮಾಡಿ. ಅವು ಕೆಲಸ ಮಾಡುವುದೇ ಪೊರೆಯ ರಕ್ತನಾಳಗಳನ್ನು ಹಿಂಡಿ. ಐದು ದಿನಕ್ಕಿಂತ ಹೆಚ್ಚು ಕಾಲ ಬಳಸಿದರೆ ಔಷಧದ ಪ್ರಭಾವ ಇಳಿದಾಗ ಪೊರೆ ಮೊದಲಿಗಿಂತ ಹೆಚ್ಚಾಗಿ ಊದಿಕೊಳ್ಳುವ ಅಪಾಯವಿದೆ, ಮತ್ತೆ ಡ್ರಾಪ್ಸ್ ಬೇಕೆನಿಸುತ್ತದೆ. ಪೋಷಣೆಗೆ ಪೊರೆಯ ರಕ್ತವನ್ನೇ ನಂಬಿರುವ ಗೋಡೆಗೆ ದಿನಕ್ಕೆ ಮೂರು ಹೊತ್ತು ಆ ರಕ್ತವನ್ನು ತಡೆಯುವುದು ಒಳ್ಳೆಯದಲ್ಲ. ಡ್ರಾಪ್ಸ್ ನಡೆಯುತ್ತಿರುವಾಗಲೇ ಆಪರೇಷನ್ ಮಾಡಿದರೆ ಹೊಲಿದ ಪೊರೆ ಬದುಕುವ ಸಾಧ್ಯತೆ ಕುಗ್ಗುತ್ತದೆ. ನಿಲ್ಲಿಸಿದ ಮೊದಲ ಒಂದೆರಡು ವಾರ ಕಷ್ಟವಾಗುತ್ತದೆ, ರಾತ್ರಿ ನಿದ್ದೆ ಕೆಡಬಹುದು. ಅದಕ್ಕೆ ನಿಮ್ಮ ವೈದ್ಯರು ಬೇರೆ ಔಷಧ ಕೊಡುತ್ತಾರೆ, ಕೇಳಿ.

ರಕ್ತಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ನಿಮಗೆ ಹಿಂದೆ ಮೂಗಿನ ಆಪರೇಷನ್ ಆಗಿರುವುದರಿಂದ ಕಾರಣ ಅದೇ ಇರಬೇಕೆಂದು ಊಹಿಸುವುದು ಸಹಜ, ಮತ್ತು ಬಹುಶಃ ಅದು ನಿಜವೂ ಹೌದು. ಆದರೆ ಆಪರೇಷನ್ ಆಗಿ ಮೂರು ವರ್ಷಗಳ ನಂತರ ಸಿಳ್ಳೆ ಶುರುವಾಗಿದೆ ಎಂದು ನೀವೇ ಬರೆದಿದ್ದೀರಿ. ಈ ಅಂತರ ನನ್ನನ್ನು ಸ್ವಲ್ಪ ಎಚ್ಚರಿಸುತ್ತದೆ. ನಡುಗೋಡೆಯನ್ನು ಕೊರೆಯುವ ಕಾಯಿಲೆಗಳು ಹಲವಿವೆ: ಕ್ಷಯ, ಕುಷ್ಠ, ಸಿಫಿಲಿಸ್‌ನಂಥ ಸೋಂಕುಗಳು, ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳನ್ನು ಕಟ್ಟುವ ಸಾರ್ಕಾಯ್ಡೋಸಿಸ್, ರಕ್ತನಾಳಗಳಿಗೆ ಉರಿಯೂತ ತರುವ, ಹಿಂದೆ ವೆಗನರ್ ಎಂಬ ಹೆಸರಿನಿಂದ ಕರೆಯುತ್ತಿದ್ದ ಕಾಯಿಲೆ, ಅಪರೂಪಕ್ಕೆ ಲಿಂಫೋಮಾ ಎಂಬ ಒಂದು ಬಗೆಯ ಕ್ಯಾನ್ಸರ್. ವೆಗನರ್ ಕಾಯಿಲೆ ಮೂಗಿನಲ್ಲಿ ಬರೇ ಹಕ್ಕಳೆ ಮತ್ತು ರಕ್ತವಾಗಿ ಕಾಣಿಸಿಕೊಂಡು, ಗೊತ್ತಾಗುವಷ್ಟರಲ್ಲಿ ಮೂತ್ರಪಿಂಡವನ್ನು ಹಾಳುಮಾಡಿರಬಲ್ಲದು. ಅಂಥದ್ದು ಒಳಗೆ ಉರಿಯುತ್ತಿರುವಾಗ ತೂತನ್ನು ಎಷ್ಟು ಚೆನ್ನಾಗಿ ಹೊಲಿದರೂ ಹೊಲಿಗೆ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಲಿಯುವ ಗಡಿಬಿಡಿಯಲ್ಲಿ ಕಾಯಿಲೆಯನ್ನೇ ನೋಡದೆ ಬಿಟ್ಟಂತಾಗುತ್ತದೆ. ಆದ್ದರಿಂದ ರಕ್ತದ ಸಾಮಾನ್ಯ ಎಣಿಕೆ, ಉರಿಯೂತದ ಸುಳಿವು ಕೊಡುವ ಇ.ಎಸ್.ಆರ್., ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಮೂತ್ರಪರೀಕ್ಷೆ, ಸಕ್ಕರೆ, ಸಿಫಿಲಿಸ್ ಪತ್ತೆಗೆ ವಿ.ಡಿ.ಆರ್.ಎಲ್., ವೆಗನರ್ ಕಾಯಿಲೆಯ ಸುಳಿವಿಗೆ ಆಂಕಾ ಎಂಬ ಪರೀಕ್ಷೆ ಮತ್ತು ಎದೆಯ ಎಕ್ಸ್-ರೇ ಇವಿಷ್ಟನ್ನು ಮಾಡಿಸಿಕೊಳ್ಳಿ. ಅಂಚು ಅಸಹಜವಾಗಿ ಕಂಡರೆ ಬಯಾಪ್ಸಿಗೆ ಒಪ್ಪಿಕೊಳ್ಳಿ. ಮೂಗಿನ ಸಿ.ಟಿ. ಸ್ಕ್ಯಾನ್ ಕೂಡ ಬೇಕು. ತೂತಿನ ಸುತ್ತ ಎಷ್ಟು ಮೃದ್ವಸ್ಥಿ ಉಳಿದಿದೆ, ಸೈನಸ್‌ಗಳಲ್ಲಿ ಬೇರೇನಾದರೂ ಇದೆಯೇ ಎಂಬುದರ ಅಂದಾಜು ಅದರಿಂದ ಸಿಗುತ್ತದೆ.

ವೈದ್ಯರು ನಿಮ್ಮ ಕೆಲಸದ ಬಗ್ಗೆ, ಅಭ್ಯಾಸಗಳ ಬಗ್ಗೆ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ. ಕೊಕೇನ್ ಮೂಗಿನಿಂದ ಎಳೆದುಕೊಳ್ಳುವವರಲ್ಲಿ ಬೀಳುವ ತೂತು ಅಭ್ಯಾಸ ಬಿಡುವ ತನಕ ದೊಡ್ಡದಾಗುತ್ತಲೇ ಹೋಗುತ್ತದೆ. ಕ್ರೋಮ್ ಲೇಪನದ ತೊಟ್ಟಿಯ ಹಬೆಯದು ಇನ್ನೊಂದು ಕಥೆ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಘಟಕವೊಂದರಲ್ಲಿ ದುಡಿಯುತ್ತಿದ್ದ ಒಬ್ಬರು ಕಿವಿನೋವಿಗೆಂದು ನನ್ನಲ್ಲಿಗೆ ಬಂದಿದ್ದರು. ಮೂಗಿಗೆ ಬೆಳಕು ಹಿಡಿದಾಗ ನಡುಗೋಡೆಯಲ್ಲಿ ಬಟಾಣಿ ಕಾಳಿನಷ್ಟು ತೂತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಕ್ರೋಮಿಯಂ ಆಮ್ಲದ ಹಬೆ ನೋವಿಲ್ಲದೆ ಕೊರೆಯುತ್ತದೆ. ಅಂಥವರಿಗೆ ಆಪರೇಷನ್ನಿಗಿಂತ ಮೊದಲು ಬೇಕಾದದ್ದು ಹಬೆ ಎಳೆದುಹಾಕುವ ಫ್ಯಾನ್ ಮತ್ತು ಸರಿಯಾದ ಮಾಸ್ಕ್. ಮಕ್ಕಳಿರುವ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು: ಆಟಿಕೆಯ, ರಿಮೋಟಿನ ಗುಂಡಿ ಬ್ಯಾಟರಿಯನ್ನು ಮಗು ಮೂಗಿಗೆ ತುರುಕಿಕೊಂಡರೆ ಕೆಲವೇ ಗಂಟೆಗಳಲ್ಲಿ ನಡುಗೋಡೆ ಸುಟ್ಟು ತೂತಾಗುತ್ತದೆ. ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ ಆಸ್ಪತ್ರೆಗೆ ಓಡಬೇಕು.

ತೂತು ಇದ್ದವರೆಲ್ಲ ಆಪರೇಷನ್ ಮಾಡಿಸಿಕೊಳ್ಳಬೇಕಿಲ್ಲ. ತೊಂದರೆಯೇ ಇಲ್ಲದ ತೂತನ್ನು ಹಾಗೆಯೇ ಬಿಡುವುದು ಉತ್ತಮ. ತೊಂದರೆ ಇದ್ದರೂ ಮೊದಲು ಎರಡು ಮೂರು ತಿಂಗಳು ತೇವ ಕಾಪಾಡಿ ನೋಡಬೇಕು. ಹಲವರು ಅಷ್ಟರಲ್ಲೇ ನೆಮ್ಮದಿಯಾಗುತ್ತಾರೆ. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗುವ ತನಕ ಆರಿಸಿ, ಮಟ್ಟಸವಾಗಿ ಒಂದು ಚಹಾ ಚಮಚ ಉಪ್ಪು ಮತ್ತು ಒಂದು ಚಿಟಿಕೆ ಅಡಿಗೆ ಸೋಡಾ ಕರಗಿಸಿಕೊಳ್ಳಿ. ಔಷಧದಂಗಡಿಯಲ್ಲಿ ಸಿಗುವ ಮೂಗು ತೊಳೆಯುವ ಬಾಟಲಿಯಿಂದ ಬೆಳಿಗ್ಗೆ, ರಾತ್ರಿ ಎರಡೂ ಹೊಳ್ಳೆಗಳನ್ನು ತೊಳೆಯಿರಿ. ನಲ್ಲಿ ನೀರನ್ನು, ಬೋರ್‌ವೆಲ್ ನೀರನ್ನು ಹಸಿಯಾಗಿ ಬಳಸಲೇಬೇಡಿ. ಮೂಗಿನ ಮೂಲಕ ಮಿದುಳಿಗೆ ಏರುವ ಒಂದು ಜಾತಿಯ ಅಮೀಬಾ ಅಪರೂಪವೇ ಆದರೂ ಪ್ರಾಣಾಂತಿಕ. ತೊಳೆದ ಮೇಲೆ ಕಿರುಬೆರಳ ತುದಿಯಲ್ಲಿ ಒಂದಿಷ್ಟು ಪೆಟ್ರೋಲಿಯಂ ಜೆಲ್ಲಿ ತೆಗೆದು ಹೊಳ್ಳೆಯ ಬಾಯಿಗೆ ಸವರಿ, ಹೊರಗಿನಿಂದ ಮೂಗನ್ನು ಮೆಲ್ಲಗೆ ಒತ್ತಿದರೆ ಅದು ತಾನೇ ಒಳಗೆ ಹರಡುತ್ತದೆ. ಬೆರಳನ್ನು, ಇಯರ್ ಬಡ್ಸನ್ನು ಒಳಗೆ ಹಾಕುವುದು ಬೇಡ. ಎಣ್ಣೆಯನ್ನು ಮಲಗಿಕೊಂಡು ಸುರಿದುಕೊಳ್ಳುವುದು ಇನ್ನೂ ಬೇಡ. ದಿನವೂ ಹಾಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಬಟನ್ ಎಂದರೆ ಎರಡು ಮೆತ್ತನೆಯ ಸಿಲಿಕೋನ್ ಬಿಲ್ಲೆಗಳು, ನಡುವೆ ಒಂದು ಗಿಡ್ಡ ಕಂಬ. ಕಂಬ ತೂತಿನಲ್ಲಿ ಕೂರುತ್ತದೆ, ಬಿಲ್ಲೆಗಳು ಎರಡೂ ಕಡೆ ಗೋಡೆಯನ್ನು ಅವುಚಿಕೊಳ್ಳುತ್ತವೆ. ಬಹುಮಟ್ಟಿಗೆ ಹೊರರೋಗಿ ವಿಭಾಗದಲ್ಲೇ, ಪೊರೆಯನ್ನು ಮರಗಟ್ಟಿಸಿ, ಇದನ್ನು ಹಾಕಬಹುದು. ಸಿಳ್ಳೆ ಅಂದೇ ನಿಲ್ಲುತ್ತದೆ, ರಕ್ತವೂ ಕಡಿಮೆಯಾಗುತ್ತದೆ. ಆದರೆ ಬಿಲ್ಲೆಯ ಸುತ್ತ ಹಕ್ಕಳೆ ಕಟ್ಟುವುದು ಮುಂದುವರಿಯುತ್ತದೆ, ದಿನವೂ ತೊಳೆಯಬೇಕು, ಆಗಾಗ ತೆಗೆಸಿ ಬದಲಿಸಬೇಕು. ಕೆಲವರಿಗೆ ಮೂಗಿನಲ್ಲಿ ಸದಾ ಏನೋ ಇದ್ದಂತೆ ಅನಿಸಿ ಬೇಡವೆಂದು ತೆಗೆಸಿಬಿಡುತ್ತಾರೆ. ಅರಿವಳಿಕೆ ತಡೆಯಲಾರದ ವಯಸ್ಸಾದವರಿಗೆ, ಕಾಯಿಲೆ ಇನ್ನೂ ಹತೋಟಿಗೆ ಬರದವರಿಗೆ, ಹೊಲಿಯಲು ಆಗದಷ್ಟು ದೊಡ್ಡ ತೂತಿನವರಿಗೆ ಬಟನ್ ನಿಜವಾದ ಉಪಕಾರಿ. 36ರ ವಯಸ್ಸಿನ ನಿಮಗೆ, ಪರೀಕ್ಷೆಗಳಲ್ಲಿ ಬೇರೆ ಕಾಯಿಲೆ ಕಾಣದಿದ್ದರೆ, ಅದು ತಂಗುದಾಣವಾಗಬಹುದು, ಊರಾಗಲಾರದು ಎಂಬುದು ನನ್ನ ಅಭಿಪ್ರಾಯ.

ಈಗ ಆಪರೇಷನ್. ಅಂಗಿಯ ಹರಿದ ಜಾಗಕ್ಕೆ ಬೇರೆ ಬಟ್ಟೆ ತಂದು ತೇಪೆ ಹಾಕಿದಂತೆ ಇಲ್ಲಿ ಆಗದು. ಎಲ್ಲಿಂದಲೋ ಕತ್ತರಿಸಿ ತಂದ ತುಂಡಿಗೆ ಇಲ್ಲಿ ರಕ್ತ ಕೊಡುವವರು ಯಾರೂ ಇಲ್ಲ. ಅದರ ಸುತ್ತ ಇರುವುದು ತೂತೇ. ತೂತಿನ ಅಂಚುಗಳನ್ನು ಹಿಡಿದೆಳೆದು ಹೊಲಿದರೂ ಪ್ರಯೋಜನವಿಲ್ಲ, ಬಿಗಿತಕ್ಕೆ ವಾರದೊಳಗೆ ಬಿಚ್ಚಿಕೊಳ್ಳುತ್ತದೆ. ಪಕ್ಕದ ಜೀವಂತ ಲೋಳೆಪೊರೆಯನ್ನು, ಅದರ ರಕ್ತನಾಳದ ಬುಡ ಕಡಿಯದಂತೆ ಸಡಿಲಿಸಿಕೊಂಡು, ಜಾರಿಸಿ ತಂದು, ಎರಡೂ ಕಡೆ ಬೇರೆ ಬೇರೆಯಾಗಿ ಹೊಲಿದು, ನಡುವೆ ಒಂದು ಪದರ ಇಡುವುದೇ ಈ ಶಸ್ತ್ರಚಿಕಿತ್ಸೆಯ ತಿರುಳು. ರಕ್ತದ ಬುಡ ಉಳಿಸಿಕೊಂಡು ಅಂಗಾಂಶವನ್ನು ಪಕ್ಕಕ್ಕೆ ತಿರುಗಿಸುವ ವಿದ್ಯೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೇನೆಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸಜೀ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಕಡೆ ಇಟ್ಟಿಗೆ ಮಾಡುವ ಜಾತಿಯ ಒಬ್ಬರು ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಗೆ ತಿರುಗಿಸಿ ಹೊಸ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಅಲ್ಲಿ ಅದನ್ನೇ ಮಾಡಿ ತೋರಿಸಿದ. ಇಂದು ನಾವು ಮೂಗಿನೊಳಗೆ ಮಾಡುವುದು ಬೇರೆ ಜಾಗದಲ್ಲಿ, ಬೇರೆ ಪೊರೆಯಲ್ಲಿ, ಆದರೆ ನಂಬಿರುವುದು ಅದೇ ತತ್ತ್ವವನ್ನು.

ಪೂರ್ತಿ ಅರಿವಳಿಕೆ ಕೊಟ್ಟು, ಹೊಳ್ಳೆಯ ಮೂಲಕವೇ ಎಂಡೋಸ್ಕೋಪ್ ಇಟ್ಟು ಇಂಥ ಆಪರೇಷನ್ ಮಾಡಬಹುದು. ತೂತು ದೊಡ್ಡದಿದ್ದರೆ ಅಥವಾ ಮೂಗಿನ ಆಕಾರವನ್ನೂ ಸರಿಪಡಿಸಬೇಕಿದ್ದರೆ ಎರಡು ಹೊಳ್ಳೆಗಳ ನಡುವಿನ ಚರ್ಮದಲ್ಲಿ ಸಣ್ಣ ಗೀರು ಹಾಕಿ ಮೂಗನ್ನು ತೆರೆಯುತ್ತಾರೆ. ಅತಿ ಕಷ್ಟದ ಹಂತ ಬರುವುದು ಆರಂಭದಲ್ಲೇ. ಹಿಂದೆ ಆಪರೇಷನ್ ಆದ ಮೂಗಿನಲ್ಲಿ ತೂತಿನ ಸುತ್ತ ಮೃದ್ವಸ್ಥಿ ಇಲ್ಲದ ಕಡೆ ಎಡಪೊರೆ, ಬಲಪೊರೆ ಎರಡೂ ಅಂಟಿಕೊಂಡು ಒಂದೇ ಆಗಿರುತ್ತವೆ. ಒದ್ದೆಯಾಗಿ ಅಂಟಿಕೊಂಡ ಎರಡು ತೆಳು ಹಾಳೆಗಳನ್ನು ಹರಿಯದಂತೆ ಬಿಡಿಸಿದ ಹಾಗೆ ಅವನ್ನು ಮಿಲಿಮೀಟರ್ ಮಿಲಿಮೀಟರ್ ಆಗಿ ಬಿಡಿಸಬೇಕು. ಇಲ್ಲಿ ಅವಸರ ಮಾಡಿದರೆ ತೂತು ಎರಡಾಗುತ್ತದೆ. ನಂತರ ನಡುಗೋಡೆಯಿಂದ ಇಳಿದು ಮೂಗಿನ ನೆಲದ ಮೇಲೆ, ಅಲ್ಲಿಂದ ಕೆಳಗಿನ ಟರ್ಬಿನೇಟ್ ಎಂಬ ಮಡಿಕೆಯ ಕೆಳಗಿನವರೆಗೂ ಪೊರೆಯನ್ನು ಎಬ್ಬಿಸಿ, ಪಕ್ಕದ ಗೋಡೆಯಲ್ಲಿ ಉದ್ದುದ್ದ ಒಂದು ಗೀರು ಕೊಟ್ಟರೆ ಇಡೀ ಪೊರೆ, ಮುಂದೆಯೂ ಹಿಂದೆಯೂ ಬುಡ ಉಳಿದುಕೊಂಡು, ಮೇಲಕ್ಕೆ ಜಾರಲು ಒಪ್ಪುತ್ತದೆ. ಫೇರ್‌ಬ್ಯಾಂಕ್ಸ್ ಎಂಬ ಅಮೆರಿಕದ ವೈದ್ಯರು ಜನಪ್ರಿಯಗೊಳಿಸಿದ ಕ್ರಮವಿದು. ಕಣ್ಣೀರಿನ ನಾಳ ತೆರೆದುಕೊಳ್ಳುವುದು ಇದೇ ಮಡಿಕೆಯ ಕೆಳಗಾದ್ದರಿಂದ ಅದನ್ನು ಕಾಪಾಡಿಕೊಂಡೇ ಗೀರು ಹಾಕಬೇಕು. ಬೇಕಾದರೆ ಮೇಲಿನಿಂದಲೂ ಒಂದಿಷ್ಟು ಪೊರೆಯನ್ನು ಕೆಳಗೆ ತರಬಹುದು. ಮೇಲಿನಿಂದ ಇಳಿಯುವ ಒಂದು ರಕ್ತನಾಳದ ಆಧಾರದ ಮೇಲೆ ಒಂದೇ ಬದಿಯ ಪೊರೆಯನ್ನು ತಿರುಗಿಸಿ ಮುಚ್ಚುವ ಇನ್ನೊಂದು ಕ್ರಮವನ್ನು ಇಟಲಿಯ ಕ್ಯಾಸ್ಟೆಲ್ನುವೋವೊ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಅದೂ ಚೆನ್ನಾಗಿ ನಡೆಯುತ್ತದೆ.

ಪೊರೆ ನೆಲದಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಬೇಕಾದ್ದರಿಂದ ತೂತಿನ ಉದ್ದಕ್ಕಿಂತ ಎತ್ತರವೇ ಮುಖ್ಯ. ನಿಮ್ಮದು 9 ಮಿ.ಮೀ. ಎತ್ತರ ಎಂದು ಓದಿದಾಗ ನನಗೆ ಸಮಾಧಾನವಾದದ್ದು ಇದಕ್ಕೇ. ಇದೇ ತೂತು 14 ಮಿ.ಮೀ. ಎತ್ತರ, 9 ಮಿ.ಮೀ. ಉದ್ದ ಇದ್ದಿದ್ದರೆ ಕೆಲಸ ಹೆಚ್ಚು ಕಷ್ಟವಾಗುತ್ತಿತ್ತು.

ಎರಡು ಪೊರೆಗಳ ನಡುವೆ ಇಡುವ ಪದರಕ್ಕೆ ಕಿವಿಯ ಮೇಲ್ಭಾಗದಲ್ಲಿ, ಕೂದಲಿನ ಒಳಗೆ ಮೂರು ನಾಲ್ಕು ಸೆಂಟಿಮೀಟರ್ ಗೀರು ಹಾಕಿ, ಅಗಿಯುವ ಸ್ನಾಯುವಿನ ಮೇಲೆ ಹೊದ್ದಿರುವ ಫೇಶಿಯಾ ಎಂಬ ತೆಳು ಬಿಳಿ ಪದರವನ್ನು ತೆಗೆದುಕೊಳ್ಳುತ್ತಾರೆ. ಕಿವಿಯ ತಮಟೆಯ ತೂತು ಮುಚ್ಚಲು ನಾವು ಇ.ಎನ್.ಟಿ.ಯವರು ಬಹುಕಾಲದಿಂದ ಬಳಸುತ್ತಿರುವುದೂ ಇದನ್ನೇ. ಕೆಲವು ದಿನ ಅಗಿಯುವಾಗ ನೋಯುತ್ತದೆ, ಅಷ್ಟೇ. ಕಿವಿಯ ಬಟ್ಟಲಿನ ಮೃದ್ವಸ್ಥಿಯನ್ನೂ ಬಳಸುವುದುಂಟು. ಒಂದು ಕಡೆಯ ಹೊಲಿಗೆ ಒಂದಿಷ್ಟು ಬಿಟ್ಟರೂ ಈ ಪದರವೇ ಏಣಿಯಾಗಿ, ಪೊರೆ ಅದರ ಮೇಲೆ ತೆವಳಿ ಬಂದು ಮುಚ್ಚಿಕೊಳ್ಳುತ್ತದೆ. ಕೊನೆಗೆ ಎರಡೂ ಕಡೆ ತೆಳುವಾದ ಸಿಲಿಕೋನ್ ಹಾಳೆಗಳನ್ನು ಸ್ಪ್ಲಿಂಟ್ (ಆಸರೆ) ಆಗಿ ಇಟ್ಟು ಒಂದು ಹೊಲಿಗೆ ಹಾಕುತ್ತಾರೆ. ಎರಡು ಮೂರು ವಾರ ಅವು ಒಳಗೇ ಇರಬೇಕು.

ಫಲ ಎಷ್ಟು ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕು. ಎರಡೂ ಕಡೆ ಪೊರೆ ತಂದು, ನಡುವೆ ಪದರ ಇಟ್ಟು ಮಾಡಿದಾಗ, ಅನುಭವ ಇರುವವರ ಕೈಯಲ್ಲಿ, 2 ಸೆಂಟಿಮೀಟರಿಗಿಂತ ಚಿಕ್ಕ ತೂತುಗಳು ಸುಮಾರು ಹತ್ತರಲ್ಲಿ ಒಂಬತ್ತು ಪೂರ್ತಿ ಮುಚ್ಚಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡದಾದರೆ ಪ್ರಮಾಣ ಇಳಿಯುತ್ತದೆ. ಇದು ದಿನವೂ ನಡೆಯುವ ಆಪರೇಷನ್ ಅಲ್ಲ. ಆದ್ದರಿಂದ "ಡಾಕ್ಟರೇ, ನೀವು ಇಂಥವು ಎಷ್ಟು ಮಾಡಿದ್ದೀರಿ? ಯಾವ ಪೊರೆಯನ್ನು ತರುತ್ತೀರಿ? ಅದು ಸಾಲದೆ ಹೋದರೆ ಏನು ಮಾಡುತ್ತೀರಿ?" ಎಂದು ಸಂಕೋಚವಿಲ್ಲದೆ ಕೇಳಿ. ಈ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ತಮಗೆ ರೂಢಿ ಇಲ್ಲದಿದ್ದರೆ ಇನ್ನೊಬ್ಬರ ಬಳಿಗೆ ತಾವೇ ಕಳುಹಿಸುತ್ತಾರೆ. ತೊಂದರೆಗಳೂ ಇವೆ: ಮತ್ತೆ ತೂತು ಬೀಳಬಹುದು, ಅದು ಮೊದಲಿಗಿಂತ ದೊಡ್ಡದಿರಬಹುದು, ಮುಂದಿನ ಮೇಲುಹಲ್ಲುಗಳ ಹಿಂದೆ, ಬಾಯಿಯ ಅಂಗುಳಿನಲ್ಲಿ ಕೆಲವು ತಿಂಗಳು ಜೋಮು ಇರಬಹುದು, ಒಳಗೆ ಪೊರೆಗಳು ಅಂಟಿಕೊಂಡು ದಾರಿ ಕಿರಿದಾಗಬಹುದು.

ಮೂಗು ಕುಸಿಯುವ ಭಯದ ಬಗ್ಗೆ. ಮೂಗಿನ ದಿಬ್ಬವನ್ನು ಹೊತ್ತಿರುವುದು ನಡುಗೋಡೆಯ ಮೇಲಂಚು ಮತ್ತು ಮುಂದಿನ ಅಂಚು. ಈ ಎರಡು ಪಟ್ಟಿಗಳು ತಲಾ ಒಂದು ಸೆಂಟಿಮೀಟರಿನಷ್ಟಾದರೂ ಗಟ್ಟಿಯಾಗಿ ಉಳಿದಿದ್ದರೆ ನಡುವೆ ತೂತಿದ್ದರೂ ಮೂಗು ನಿಲ್ಲುತ್ತದೆ, ಬಾಗಿಲ ಚೌಕಟ್ಟು ಉಳಿದರೆ ಗೋಡೆ ನಿಲ್ಲುವಂತೆ. ತೂತು ಆ ಪಟ್ಟಿಗಳನ್ನು ತಿನ್ನಲು ತೊಡಗಿದಾಗಲೇ ದಿಬ್ಬ ತಗ್ಗುವುದು. ಕನ್ನಡಿಯ ಮುಂದೆ ಪಕ್ಕದಿಂದ ನೋಡಿಕೊಳ್ಳಿ, ಐದು ವರ್ಷದ ಹಿಂದಿನ ಫೋಟೋ ಜೊತೆಗಿಟ್ಟು ಹೋಲಿಸಿ. ಬದಲಾವಣೆ ಇಲ್ಲದಿದ್ದರೆ ಸದ್ಯಕ್ಕೆ ಚಿಂತೆ ಬೇಡ. ಇದ್ದರೆ ವೈದ್ಯರಿಗೆ ತೋರಿಸಿ. ಪಕ್ಕೆಲುಬಿನ ಮೃದ್ವಸ್ಥಿಯಿಂದ ದಿಬ್ಬವನ್ನು ಮತ್ತೆ ಕಟ್ಟಬಹುದು.

ನಡುಗೋಡೆಯ ಬಹುಭಾಗವೇ ಹೋದವರಿಗೆ ಬೇರೆ ದಾರಿಗಳಿವೆ. ಕೆನ್ನೆಯ ಒಳಪೊರೆಯನ್ನು, ತಲೆಬುರುಡೆಯ ಮೇಲಿನ ಪದರವನ್ನು ಬುಡಸಹಿತ ಮೂಗಿಗೆ ಇಳಿಸುವ ದೊಡ್ಡ ಆಪರೇಷನ್ನುಗಳು ಅವು. ಕೆಲವರಲ್ಲಿ ಮುಚ್ಚುವ ಬದಲು ತೂತಿನ ಹಿಂದಿನ ಅಂಚನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ತೇವ ಇರುವ ಜಾಗಕ್ಕೆ ತಂದು, ಹಕ್ಕಳೆ ಕಡಿಮೆ ಮಾಡುವುದೂ ಉಂಟು. ನಿಮಗೆ ಇವು ಬೇಕಾಗಲಿಕ್ಕಿಲ್ಲ.

ಆಪರೇಷನ್ನಿನ ನಂತರದ ವಾರಗಳು ಆಪರೇಷನ್ನಿನಷ್ಟೇ ಮುಖ್ಯ. ಸ್ಪ್ಲಿಂಟ್ ಇರುವಷ್ಟು ದಿನ ಬಾಯಿಯಿಂದ ಉಸಿರಾಡಬೇಕಾಗಬಹುದು, ತಲೆ ಭಾರ ಅನಿಸಬಹುದು. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು. ಉಪ್ಪುನೀರಿನ ಸ್ಪ್ರೇ ದಿನಕ್ಕೆ ಐದಾರು ಬಾರಿ ಬೇಕು. ಬೀಡಿ, ಸಿಗರೇಟು, ನಶ್ಯದ ಅಭ್ಯಾಸವಿದ್ದರೆ ಒಂದು ತಿಂಗಳು ಮೊದಲೇ ಬಿಟ್ಟಿರಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಬೇಕು. ಬ್ಯಾಂಕಿನ ಕೆಲಸಕ್ಕೆ ಹತ್ತು ಹದಿನೈದು ದಿನಗಳಲ್ಲಿ ಮರಳಬಹುದು, ಆದರೆ ಸ್ಪ್ಲಿಂಟ್ ತೆಗೆದ ಮೇಲೂ ಹಕ್ಕಳೆ ತೆಗೆಸಲು ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ವೈದ್ಯರನ್ನು ನೋಡಬೇಕಾಗುತ್ತದೆ. ಮುಚ್ಚಿತು ಎಂದು ಖಚಿತವಾಗಿ ಹೇಳಲು ಆರು ತಿಂಗಳಾದರೂ ಬೇಕು.

ಈ ಲೆಕ್ಕ ನೋಡಿದರೆ ತಂಗಿಯ ಮದುವೆಗೆ ಮುಂಚೆ ಆಪರೇಷನ್ ಬೇಡ. ಮದುವೆ ಮನೆಯಲ್ಲಿ ಅಣ್ಣನಾದವರು ಸುಮ್ಮನೆ ಕೂರುವುದು ಸಾಧ್ಯವಿಲ್ಲ. ಹೋಮದ ಹೊಗೆ, ಅಡುಗೆಮನೆಯ ಒಗ್ಗರಣೆಯ ಘಾಟು, ಓಡಾಟ, ನಿದ್ದೆಗೇಡು ಇವೆಲ್ಲ ಹಸಿ ಹೊಲಿಗೆಗೆ ಒಳ್ಳೆಯದಲ್ಲ. ಎರಡು ವರ್ಷ ತಡೆದುಕೊಂಡ ತೂತು ಇನ್ನೆರಡು ತಿಂಗಳಲ್ಲಿ ಕೈಮೀರುವುದಿಲ್ಲ, ಹಕ್ಕಳೆಗೆ ಉಗುರು ಹಾಕದಿದ್ದರೆ. ಈ ವಾರ ರಕ್ತಪರೀಕ್ಷೆಗೆ ಕೊಡಿ, ಡ್ರಾಪ್ಸ್ ನಿಲ್ಲಿಸಿ, ಉಪ್ಪುನೀರು ಶುರುಮಾಡಿ. ಮದುವೆಯ ದಿನ ಸಿಳ್ಳೆಯ ಸದ್ದು ಮುಜುಗರ ತರುತ್ತದೆ ಎನಿಸಿದರೆ ಎರಡು ವಾರ ಮುಂಚೆ ಬಟನ್ ಹಾಕಿಸಿಕೊಳ್ಳಿ. ಅದು ಹೊಂದಿಕೊಳ್ಳುತ್ತದೆಯೋ ಇಲ್ಲವೋ ನೋಡಲು ಅಷ್ಟು ದಿನ ಬೇಕು. ಐದು ವರ್ಷದ ಹಿಂದಿನ ಆಪರೇಷನ್ನಿನ ಡಿಸ್‌ಚಾರ್ಜ್ ಚೀಟಿ ಹುಡುಕಿ ತೆಗೆದಿಡಿ. ಅಂದು ಎಷ್ಟು ಮೃದ್ವಸ್ಥಿ ತೆಗೆದರು, ಯಾವ ಬದಿಯ ಪೊರೆ ಹರಿದಿತ್ತು ಎಂಬ ಎರಡು ಸಾಲು ಅದರಲ್ಲಿದ್ದರೂ, ಮದುವೆ ಮುಗಿದ ಮೇಲೆ ನಿಮ್ಮ ಮೂಗಿನೊಳಗೆ ಕೆಲಸಕ್ಕಿಳಿಯುವವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.